ನೀರು ಪಳಗುವ ತನಕ

ರಾಯಚೂರು,
26 ಜುಲೈ 1983

ಅಮರಕ್ಕನಿಗೆ ತಂಗಿ ಬಸ್ಸಮ್ಮನ ನಮಸ್ಕಾರಗಳು.

ಇಲ್ಲಿ ನಾವು ಇದ್ದೇವೆ. ಅರಕೇರಾದಲ್ಲಿ ನೀನು, ಯಂಕೋಬ ಮಾವ, ಹುಡುಗಿಯರು ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾರ್ಡಿಗೂ ಉತ್ತರ ಬರಲಿಲ್ಲವೆಂದು ಸಿಟ್ಟು ಮಾಡಬೇಡ. ಬರೆದೆ ಅಕ್ಕಾ, ಬರೆದು ಹರಿದೆ. ಮಗಳನ್ನು ನನ್ನ ಮಡಿಲಿಗೆ ಕೊಟ್ಟ ಮೇಲೆ ಬರೆದ ಆ ಎರಡರಲ್ಲೂ ನೀನು ಕೇಳಿದ್ದು ಒಂದೇ ಮಾತು: ಹುಲಿಗಿ ಉಣ್ಣುತ್ತಾಳೇನು? ಹೌದು ಅಂತ ಬರೆಯಲು ಕೈ ಬರಲಿಲ್ಲ. ಇಲ್ಲ ಅಂತ ಬರೆಯಲೂ ಬರಲಿಲ್ಲ.

ನೀನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಕೂಡಿಸಿ ಕೂಡಿಸಿ ಓದುತ್ತಿ ಅಂತ ಅಕ್ಷರ ದಪ್ಪಗೆ ಬರೆದಿದ್ದೇನೆ. ಟಪಾಲಿನವನ ಕೈಯಿಂದ ಓದಿಸಬೇಡ. ಪುರುಸೊತ್ತಾದಾಗ ನೀನೇ ಕೂತು ಓದು.

ಉಣ್ಣುತ್ತಾಳೆ. ಆದರೆ ಅರ್ಧ ರೊಟ್ಟಿ. ಇನ್ನರ್ಧ ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತಾಗಿರಲಿಲ್ಲ. ಹೋದ ವಾರ ಅವಳ ಕೈಚೀಲ ಒಗೆಯಲು ತೆಗೆದರೆ ಲಂಗದ ಮಡಿಕೆಯೊಳಗೆ ರೊಟ್ಟಿಯ ತುಣುಕುಗಳು, ಬೂಸಲು ಹಿಡಿದು ಹಸಿರಾಗಿದ್ದವು. "ಯಾಕವ್ವಾ ಇವು?" ಅಂದೆ. "ಅಂಬಿಗೆ" ಅಂದಳು. ನಿನ್ನ ಸಣ್ಣ ಮಗಳಿಗೆ ಅಂತ ತೆಗೆದಿಟ್ಟಿದ್ದಾಳೆ. ನಾನು ಬಯ್ಯಲಿಲ್ಲ. ಚೀಲ ಒಗೆದು ಒಣಗಿಸಿ, ಇದ್ದಲ್ಲೇ ಇಟ್ಟೆ. ಅವಳು ಆ ಚೀಲದ ಮೇಲೇ ಕೂರುತ್ತಾಳೆ, ಬಾಗಿಲ ಹತ್ತಿರ, ಬಸ್ಸಿಗೆ ಕಾಯುವವರ ಹಾಗೆ.

ಟೆಲಿಫೋನ್ ಆಫೀಸಿನ ನನ್ನ ಕೆಲಸ ನಿನಗೆ ಗೊತ್ತಿದೆ. ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಊರಿಗೆಲ್ಲ ಮಾತು ಕೂಡಿಸುವುದೇ ಕೆಲಸ. ಗುಲ್ಬರ್ಗಾ ಬೇಕು, ಹೈದರಾಬಾದ್ ಬೇಕು, ಬಳ್ಳಾರಿ ಇನ್ನೂ ಯಾಕೆ ಸಿಗಲಿಲ್ಲ ಅಂತ ಬೈಗುಳ ಬೇರೆ. ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ ಇಲ್ಲಿ ಮಾತಿಲ್ಲ. ಏನು ಕೇಳಿದರೂ "ಹ್ಞೂಂ ಚಿಗವ್ವ", "ಬ್ಯಾಡ ಚಿಗವ್ವ". ಅಷ್ಟೇ. ಸಾಲಿಯಲ್ಲೂ ಬಾಯಿ ಬಿಡುವುದಿಲ್ಲವಂತೆ. ಮೊದಲು ಮಗು ಇಲ್ಲ ಅಂತ ದಣಿದಿದ್ದೆ. ಈಗ ಇದು ಬೇರೆ ದಣಿವು.

ಇವರು ನೋಡಿ ನೋಡಿ ಒಂದು ಉಪಾಯ ಮಾಡಿದರು. ಗೂಡ್ಸ್ ಆಫೀಸಿನ ಕೆಲಸಕ್ಕೆ ಹೈದರಾಬಾದಿಗೆ ಹೋದವರು ಬರುವಾಗ ಗಾಜಿನ ತೊಟ್ಟಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ನೀರು, ನೀರಿನೊಳಗೆ ಬಂಗಾರದ ಬಣ್ಣದ ಮೀನು ಹಿಡಿದುಕೊಂಡು ಬಸ್ಸಿನಲ್ಲಿ ಬಂದಿಳಿದರು. ಮಖ್ತಲ್ ದಾಟುವ ತನಕ ಕಾಲು ಅಲ್ಲಾಡಿಸಿಲ್ಲವಂತೆ, ಜೋಮು ಹಿಡಿದು ಕುಂಟುತ್ತಿದ್ದರು. ಅಂಗಡಿಯವನು "ಪಾನಿ ಡಾಲೋ, ಮಛಲಿ ಛೋಡೋ, ಬಸ್" ಅಂದನಂತೆ. ನೀರು ಹಾಕು, ಮೀನು ಬಿಡು, ಮುಗೀತು. ಹಾಗೇ ಮಾಡಿದೆವು. ತಳಕ್ಕೆ ತೊಳೆದ ಹರಳು ಹಾಸಿ, ನಳದ ನೀರು ತುಂಬಿಸಿ, ಗುಳ್ಳೆ ಬಿಡುವ ಸಣ್ಣ ಮಿಷನ್ನಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸಿ, ಅದೇ ಸಂಜೆ ಮೀನು ಬಿಟ್ಟೆವು. ಐದು ಬಂಗಾರದವು. ಒಂದು ಮಾತ್ರ ಕರಿಯದು, ಕಣ್ಣು ಹೊರಗೆ ಉಬ್ಬಿದ್ದು.

ಅಕ್ಕಾ, ಹುಲಿಗಿ ಚೀಲ ಬಿಟ್ಟು ಎದ್ದು ಬಂದಳು. ಗಾಜಿಗೆ ಮೂಗು ಒತ್ತಿ ನಿಂತಳು. ನಾವಿಬ್ಬರೂ ಹಿಂದೆ ನಿಂತು ನೋಡಿದೆವು.

"ಕಾಕಾ, ಇವು ಎಲ್ಲಿಂದ ಬಂದಾವ?"

"ಹೈದರಾಬಾದಿಂದ ಬಂದಾವವ್ವ."

"ಇವ್ರವ್ವ?"

ಇವರು ನನ್ನ ಮುಖ ನೋಡಿದರು. ಆಮೇಲೆ ಎಲ್ಲಕ್ಕಿಂತ ದೊಡ್ಡದಕ್ಕೆ ಬೆರಳು ತೋರಿಸಿ, "ನೋಡು, ಅಕಿನೇ ಅವ್ವ. ಕರಕೊಂಡೇ ಬಂದೀನಿ" ಅಂದರು. ಅವಳು ಆವತ್ತು ರೊಟ್ಟಿ ಪೂರಾ ತಿಂದಳು.

ಸತ್ತದ್ದು ಅದೇ ಮೊದಲು. ಆ ದೊಡ್ಡದೇ.

ಮುಂಜಾನೆ ಎದ್ದು ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು, ದೊಡ್ಡದು ಮಗ್ಗುಲಾಗಿ ತೇಲುತ್ತಿತ್ತು. ಅವಳು ಏಳುವ ಮೊದಲೇ ತೆಗೆದುಬಿಡೋಣ ಅಂದುಕೊಂಡೆ. ತಿರುಗಿದರೆ ಬಾಗಿಲಲ್ಲಿ ನಿಂತಿದ್ದಾಳೆ. ಅಳಲಿಲ್ಲ. "ಅವ್ವ ಸತ್ಲು" ಅಂದಳು. ಹೋಗಿ ತನ್ನ ಚೀಲದ ಮೇಲೆ ಕೂತಳು.

ನೀರು ಹೊಲಸಾಗಿದೆ ಅಂದುಕೊಂಡು ನಾವು ಇದ್ದದ್ದೆಲ್ಲ ಚೆಲ್ಲಿದೆವು. ಹರಳು, ಗಾಜು ಎಲ್ಲವನ್ನೂ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದೆವು. ಮತ್ತೆ ಹಾಗೇ ಆಯಿತು. ಮತ್ತೆ ತೊಳೆದೆವು. ಬಂಗಾರದವು ಇನ್ನೂ ಎರಡು ಹೋದವು. ಉಳಿದವುಗಳ ರೆಕ್ಕೆಯಲ್ಲಿ ರಕ್ತ ಇಳಿದ ಹಾಗೆ ಕೆಂಪು ಗೆರೆ. ನಳಕ್ಕೆ ಕೊಡ ಹಿಡಿದು ನಿಂತರೆ ಓಣಿಯ ಹೆಣ್ಣುಮಕ್ಕಳು ಬಿಡುತ್ತಾರೆಯೇ? "ನಮ್ಗ ಕುಡ್ಯಾಕ ನೀರಿಲ್ಲ, ಇವ್ರು ಮೀನಕ್ಕ ಎರ್ಯಾಕತ್ತ್ಯಾರ" ಅಂದಳು ಒಬ್ಬಳು. ಇನ್ನೊಬ್ಬಳು ಅದಕ್ಕಿಂತ ಮೆಲ್ಲಗೆ, ಆದರೆ ನನಗೆ ಕೇಳುವ ಹಾಗೆ, "ಬರಡ ಮನ್ಯಾಗ ಮೀನರ ಉಳೀತಾವೇನು" ಅಂದಳು. ಕೊಡ ಅರ್ಧ ತುಂಬಿತ್ತು, ಹಾಗೇ ಎತ್ತಿಕೊಂಡು ಬಂದೆ.

ನನಗೆ ಸಾಕಾಗಿದೆ ಅಕ್ಕಾ. ಉಳಿದ ಮೂರನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದರೆ ಇವರು, "ಕೂಸಿನ ಮುಂದ ಹೆಂಗ ಕೊಡ್ಲೇ? ಸಾಕಾಗಿ ಕೊಟ್ರು ಅಂತ ತಿಳ್ಕೊಳ್ಳಂಗಿಲ್ಲೇನು?" ಅಂದರು. ನೀನು ಸಾಕಾಗಿ ಕೊಟ್ಟವಳಲ್ಲ, ನನಗೆ ಗೊತ್ತಿದೆ. "ನನಗ ನಾಲ್ಕು ಅದಾವ, ನಿನಗ ಒಂದೂ ಇಲ್ಲ. ಇಕಿ ಶ್ಯಾಣ್ಯಾಕಿ, ಓದಿಸು" ಅಂತ ಹೇಳಿ ನನ್ನ ಮಡಿಲಿಗೆ ಹಾಕುವಾಗ ನೀನು ಅವಳ ಬೆರಳು ಬಿಡದೆ ಹಿಡಿದದ್ದನ್ನು ನಾನು ನೋಡಿದ್ದೇನೆ. ಏಳು ವರ್ಷದವಳಿಗೆ ಅದು ಹೇಗೆ ತಿಳಿಯಬೇಕು?

ಎಲ್ಲರಿಗೂ ನನ್ನ ನೆನಪು ಹೇಳು. ಅಂಬಿಗೆ ಮುತ್ತು.

ನಿನ್ನ ತಂಗಿ
ಬಸ್ಸಮ್ಮ

ಮರೆತ ಮಾತು: ಮರೆತಿಲ್ಲ, ಹಿಂದೆ ಇಟ್ಟುಕೊಂಡು ಕೂತಿದ್ದೆ. ಮಾನ್ವಿಯಿಂದ ನಮ್ಮತ್ತಿ ಬೂದೆಮ್ಮ ಬಂದು ಹೋದರು. "ಕೊಟ್ಟ ಕೂಸು ನೋಡಾಕ ಹೆತ್ತಾಕಿ ಹೊಳ್ಳಿ ಹೊಳ್ಳಿ ಬಂದ್ರ ಅದರ ಮನಸು ಅಲ್ಲೂ ನಿಲ್ಲಂಗಿಲ್ಲ, ಇಲ್ಲೂ ನಿಲ್ಲಂಗಿಲ್ಲ. ಒಂದೀಟು ದಿನ ದೂರ ಇಡು" ಅಂದರು. ಪಂಚಮಿಗೆ ಅವಳನ್ನು ಕಳಿಸುವುದಿಲ್ಲ ಅಕ್ಕಾ. ನೀನೂ ಬರಬೇಡ.


ರಾಯಚೂರು,
30 ಆಗಸ್ಟ್ 1983

ಅಮರಕ್ಕಾ,

ಪಂಚಮಿಗೆ ನೀನು ಕಳಿಸಿದ ಅಳ್ಳು, ಶೇಂಗಾದ ಉಂಡಿ, ಎಳ್ಳುಂಡಿ ಎಲ್ಲ ಮುಟ್ಟಿದವು. ಯಂಕೋಬ ಮಾವ ಎಕ್ಸ್‌ಚೇಂಜಿನ ಗೇಟಿಗೇ ಬಂದು ಗಂಟು ಕೊಟ್ಟು, "ಮನಿಗೆ ಬರಂಗಿಲ್ಲವ್ವ, ಬಂದ್ರ ಅಕಿ ಬೆನ್ನ ಹತ್ತತಾಳ" ಅಂದು ಹಾಗೇ ಹೊರಟರು. ಚಹಾ ಕುಡಿಯಿರಿ ಅಂದರೂ ನಿಲ್ಲಲಿಲ್ಲ. ರಸ್ತೆ ದಾಟುವಾಗ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅದನ್ನು ಆವತ್ತೇ ನಿನಗೆ ಬರೆಯಬೇಕಿತ್ತು. ಡ್ಯೂಟಿ, ಮನೆ, ನೀರು ಹೊರುವುದು, ಇದರಲ್ಲೇ ದಿನ ಹೋಯಿತು. ಇದು ನೆವ ಅಂತ ನಿನಗೂ ಗೊತ್ತು. ಕ್ಷಮಿಸು.

ಮೀನಿನ ಸುದ್ದಿ ಮೊದಲು ಹೇಳುತ್ತೇನೆ, ಅದರೊಳಗೇ ಹುಲಿಗಿಯ ಸುದ್ದಿಯೂ ಇದೆ.

ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ವಾಹಿದಾ ಮೇಡಂ ಅಂತ ಇದ್ದಾರೆ. ಗುಲ್ಬರ್ಗಾದಲ್ಲಿರುವ ತಾಯಿಗೆ ಭಾನುವಾರ ಟ್ರಂಕ್ ಕಾಲ್ ಹಚ್ಚುತ್ತಾರೆ. ಮುಖ ನೋಡಿರಲಿಲ್ಲ, ದನಿಯಿಂದ ಗುರುತು. ಲೈನ್ ಕೂಡುವ ತನಕ ಗ್ರಾಹಕರ ಜೊತೆ ಮಾತಾಡಬಾರದು ಅಂತ ನಮಗೆ ತಾಕೀತು. ಆದರೂ ಧೈರ್ಯ ಮಾಡಿ, "ಮೇಡಂ, ಒಂದು ಮಾತು. ನಮ್ಮನ್ಯಾಗ ಮೀನ ಸಾಯಾಕತ್ತಾವ" ಅಂದೆ. "ತೊಟ್ಟಿ ಹೊಸದೇನ್ರಿ?" ಅಂದರು ಆ ಕಡೆಯಿಂದ. ಮರುದಿನ ಸಂಜೆ ವಿಳಾಸ ಹುಡುಕಿಕೊಂಡು ಮನೆಗೇ ಬಂದರು.

ಹುಲಿಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳಿಗೇ ಹೇಳಿದರು, ನಮಗಲ್ಲ. ಮೀನು ತಿಂದು ಹೊರಗೆ ಬಿಟ್ಟದ್ದು, ತಿನ್ನದೆ ಉಳಿದ ಕಾಳು, ಎಲ್ಲ ನೀರಿನಲ್ಲಿ ಕೊಳೆತು ವಿಷವಾಗುತ್ತದಂತೆ. ಆ ವಿಷವನ್ನೇ ತಿಂದು ಬದುಕುವ ಸಣ್ಣ ಜೀವಗಳು ಇರುತ್ತವಂತೆ. ಕಣ್ಣಿಗೆ ಕಾಣುವುದಿಲ್ಲ, ಹರಳಿಗೆ, ಗಾಜಿಗೆ ಅಂಟಿಕೊಂಡಿರುತ್ತವೆ. ಹಳೆಯ ತೊಟ್ಟಿಯಲ್ಲಿ ಅವು ಬೇಕಾದಷ್ಟು. ಹೊಸದರಲ್ಲಿ ಇನ್ನೂ ಹುಟ್ಟಿಲ್ಲ.

"ಹಂಗಂದ್ರ ನೀರು ಇನ್ನಾ ಪಳಗಿಲ್ಲ, ಬೇಟಿ. ನೀರು ಪಳಗಿದ ಮ್ಯಾಲೆ ಮೀನ ಬಿಡಬೇಕಿತ್ತು. ನಿಮ್ಮ ಕಾಕಾ ಮೊದ್ಲೇ ಬಿಟ್ಟಾರ. ಈಗ ಮೀನ ಒಳಗ ಇಟ್ಕೊಂಡೇ ನೀರು ಪಳಗಿಸಬೇಕು."

"ತೊಳದಿದ್ದು ತಪ್ಪೇನ್ರಿ?" ಅಂತ ನಾನು ಕೇಳಿದೆ.

"ಹುಟ್ಟಾಕತ್ತಿದ್ವು, ತೊಳದು ಚೆಲ್ಲಿದ್ರಿ" ಅಂದರು. ಬಯ್ದ ಹಾಗೆ ಅನ್ನಲಿಲ್ಲ. ಆದರೂ ನನಗೆ ನಾಟಿತು.

ತೊಟ್ಟಿಯ ನೀರನ್ನು ಪೂರಾ ಚೆಲ್ಲುವಂತಿಲ್ಲ. ದಿನಾ ಒಂದಿಷ್ಟು ತೆಗೆದು, ಅಷ್ಟೇ ಹಾಕಬೇಕು. ಅದೂ ನಳದಿಂದ ನೇರ ಅಲ್ಲ. ನಳದ ನೀರಿಗೆ ಹಾಕುವ ಔಷಧಿಯ ವಾಸನೆ ಹೋಗುವ ತನಕ ಬಕೆಟ್ಟಿನಲ್ಲಿ ತೆರೆದಿಟ್ಟ ನೀರು. ಕಾಳು ದಿನ ಬಿಟ್ಟು ದಿನ, ಒಂದು ಚಿಟಿಕೆ. ಕಾಲೇಜಿನ ಹಳೆಯ ತೊಟ್ಟಿಯಿಂದ ಒಂದು ಹಿಡಿ ಹರಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು, ಜಾರುಜಾರು, ಕಂದು ಬಣ್ಣದ್ದು. ಹಸನಾದ ನಮ್ಮ ಹರಳಿನ ನಡುವೆ ಅದನ್ನು ಹುಲಿಗಿಯ ಕೈಯಿಂದಲೇ ಹಾಕಿಸಿದರು. "ಹಳೇ ನೀರಿಂದು ಇದು. ಬೀಜ ಅಂತ ತಿಳ್ಕೋ" ಅಂದರು.

ಆವತ್ತಿನಿಂದ ಅವಳೇ ಯಜಮಾನಿ. ಸಾಲಿಯಿಂದ ಬಂದವಳೇ ಬಕೆಟ್ಟಿನ ನೀರಿಗೆ ಮೂಗು ಹಚ್ಚಿ ನೋಡುವುದು, "ಚಿಗವ್ವ, ಇನ್ನಾ ನಾರ್ತದ, ಈಗ ಬ್ಯಾಡ" ಅನ್ನುವುದು. ಲೋಟದಿಂದ ತೆಗೆಯುವುದು, ಲೋಟದಿಂದ ಹಾಕುವುದು. ತೆಗೆದ ನೀರನ್ನು ಚೆಲ್ಲದೆ ಬಾಗಿಲ ಮುಂದಿನ ತುಳಸಿಗೆ, ಬಸಳೆಗೆ ಹಾಕುತ್ತಾಳೆ. ಈಗ ನಳದ ಹತ್ತಿರ ಮಾತಾಡುವವರಿಗೆ ಅವಳೇ ಉತ್ತರ ಕೊಡುತ್ತಾಳೆ. "ನಾವು ಚೆಲ್ಲಂಗಿಲ್ಲ. ಗಿಡಕ್ಕ ಹಾಕ್ತೀವಿ. ನಿಮ್ಮನ್ಯಾಗ ಗಿಡನೇ ಇಲ್ಲ." ಆ ಹೆಂಗಸಿನ ಮುಖ ನೀನು ನೋಡಬೇಕಿತ್ತು.

ಬಿಳಿ ನೀರು ತಿಳಿಯಾಯಿತು. ಮೂರೂ ಮೀನು ಕೆಳಗಿಳಿದು ಹರಳು ಕೆದಕತೊಡಗಿದವು. ಗೆದ್ದೆವು ಅಂದುಕೊಂಡೆ. ಅದನ್ನೇ ನಿನಗೆ ಬರೆಯೋಣ ಅಂತ ಇನ್‌ಲ್ಯಾಂಡ್ ಪತ್ರ ತಂದು ಇಟ್ಟಿದ್ದೆ.

ಆಗ ಒಂದು ಬಂಗಾರದ್ದು ಮತ್ತೆ ಸತ್ತಿತು. ತಿಳಿ ನೀರಿನಲ್ಲಿ, ಯಾವ ಗುರುತೂ ಇಲ್ಲದೆ. ಮೇಡಂಗೆ ಫೋನ್ ಮಾಡಿದರೆ, "ಹೌದ್ರೀ, ಹೇಳಾಕ ಮರ್ತಿದ್ದೆ. ಒಂದು ವಿಷ ತಿಂದು ಇನ್ನೊಂದು ವಿಷ ಮಾಡ್ತಾವ. ಅದನ್ನ ತಿನ್ನೋವು ಬ್ಯಾರೆ, ಅವು ಇನ್ನಾ ತಡ. ಈ ಎರಡನೇದು ಕಣ್ಣಿಗೆ ಕಾಣಂಗಿಲ್ಲ. ಒಂದೀಟು ಹರಳುಪ್ಪು ಹಾಕ್ರಿ, ನೀರು ಬದಲಾಯಿಸೋದು ನಿಲ್ಲಿಸಬ್ಯಾಡ್ರಿ" ಅಂದರು. ನಾನು ಅಲ್ಲೇ ಲೈನ್ ಕೂಡಿಸುವ ಬೋರ್ಡಿನ ಮೇಲೆ ತಲೆ ಇಟ್ಟೆ. ಇನ್ನೂ ಎಷ್ಟು ಅಂತ ಹೊರುವುದು ಅಕ್ಕಾ? ಮನೆಗೆ ಹೋಗಿ ಉಪ್ಪು ಹಾಕಿದೆ. ಹುಲಿಗಿ ನೋಡುತ್ತಿದ್ದಳು. ನಾನು ಸೋತು ಗೋಡೆಗೆ ಒರಗಿ, "ಇವು ಯಾವೂ ಉಳಿಯಂಗಿಲ್ಲ ತಗೋ" ಅಂದುಬಿಟ್ಟೆ. ಅವಳ ಎದುರಿಗೆ ಅನ್ನಬಾರದಿತ್ತು.

ಈಗ ಬರೆಯುವುದನ್ನು ಎದೆ ಗಟ್ಟಿ ಮಾಡಿಕೊಂಡು ಓದು. ಈಗ ಅವಳು ಮನೆಯಲ್ಲಿದ್ದಾಳೆ, ಆರಾಮ ಇದ್ದಾಳೆ.

ಮರುದಿನ ಸಾಲಿ ಬಿಟ್ಟ ಮೇಲೆ ಅವಳು ಮನೆಗೆ ಬಂದು, ತನ್ನ ಬುತ್ತಿ ಡಬ್ಬಿಯಲ್ಲಿ ತೊಟ್ಟಿಯ ನೀರು ತುಂಬಿ, ಉಳಿದ ಬಂಗಾರದ ಮೀನನ್ನೂ ಕರಿಯದನ್ನೂ ಹಿಡಿದು ಅದರಲ್ಲಿ ಬಿಟ್ಟು, ಮುಚ್ಚಳ ಸಡಿಲ ಹಾಕಿಕೊಂಡು ಬಸ್‌ ಸ್ಟ್ಯಾಂಡಿಗೆ ಹೋಗಿದ್ದಾಳೆ. ದೇವದುರ್ಗದ ಬಸ್ಸು ಅಂತ ಯಾರನ್ನೋ ಕೇಳಿ ಹತ್ತಿದ್ದಾಳೆ. ಮುದುಕಿಯೊಬ್ಬಳ ಪಕ್ಕ ಕೂತದ್ದರಿಂದ ಅವಳ ಮೊಮ್ಮಗಳು ಅಂದುಕೊಂಡರಂತೆ. ಕಲ್ಮಲಾ ಬಂದಾಗ ಮುದುಕಿ ಇಳಿದಳು, ಇವಳು ಕೂತಳು. ಆಗ ಕಂಡಕ್ಟರ್ ಹುಸೇನಪ್ಪ ನೋಡಿದ್ದಾನೆ.

"ಯಾರ ಜೋಡಿ ಬಂದೀಯವ್ವ?"

"ಮೀನಿನ ಜೋಡಿ."

"ಎಲ್ಲಿಗೆ?"

"ಅರಕೇರಾಕ್ಕ. ನಮ್ಮೂರ ಬಾವ್ಯಾಗ ಬಿಡ್ತೀನಿ. ಅಲ್ಲಿ ನೀರು ಹಳೇದು. ಇಲ್ಲಿ ಇದ್ರ ಸಾಯ್ತಾವ."

ಹುಸೇನಪ್ಪ ಬಸ್ಸು ನಿಲ್ಲಿಸಿ, ಎದುರಿನಿಂದ ಬಂದ ರಾಯಚೂರಿನ ಬಸ್ಸಿಗೆ ಕೈ ಮಾಡಿ, ಅದರ ಕಂಡಕ್ಟರನ ಕೈಗೆ ಅವಳನ್ನು ಒಪ್ಪಿಸಿದ. ಅಷ್ಟರಲ್ಲಿ ಇಲ್ಲಿ ಇವರು ಓಣಿಯಲ್ಲೆಲ್ಲ ಹುಡುಕಿ, ನಳದ ಹತ್ತಿರ ಆಡಿಕೊಂಡ ಹೆಂಗಸು ತಾನಾಗಿ ಕೊಟ್ಟ ಅವಳ ಮಗನ ಸೈಕಲ್ ಹತ್ತಿ, ಬಸ್‌ ಸ್ಟ್ಯಾಂಡು ಮುಟ್ಟಿದ್ದರು. ಅಲ್ಲಿ ಸಿಕ್ಕಳು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಇಳಿದಳಂತೆ, ಲಂಗವೆಲ್ಲ ಒದ್ದೆ. ಇವರು ಬಯ್ಯಲಿಲ್ಲ, ಹೊಡೆಯಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರಂತೆ. ಮೌನಪ್ಪ ಅಂತ ಹೆಸರಿಟ್ಟುಕೊಂಡ ಈ ಮನುಷ್ಯ ಅತ್ತದ್ದನ್ನು ನಾನು ಇವತ್ತಿಗೂ ನೋಡಿಲ್ಲ.

ಎರಡೂ ಮೀನು ಜೀವ ಹಿಡಿದುಕೊಂಡಿದ್ದವು. ತೊಟ್ಟಿಗೆ ಬಿಟ್ಟೆವು. ಆ ಸಂಜೆ ನಾನು ಉಣ್ಣಲಿಲ್ಲ, ತಟ್ಟೆ ಹಾಗೇ ಇಟ್ಟುಕೊಂಡು ಕೂತೆ. ಅವಳು ನನ್ನ ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಮಾವನಿಗೆ ಇದನ್ನು ಈಗಲೇ ಹೇಳಬೇಡ. ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಾರೆ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ?

ನಿನ್ನ
ಬಸ್ಸಿ

ಮತ್ತೆ: ಹುಸೇನಪ್ಪನನ್ನು ಕಂಡು ಬರೋಣ ಅಂತ ಹೋಗಿದ್ದೆ. "ಅಕ್ಕಾ, ದಾರಿ ತುಂಬಾ ಅಕಿ ಹೊರಗ ನೋಡ್ಲಿಲ್ರಿ, ಡಬ್ಬೀನೇ ನೋಡ್ತಿದ್ಲು" ಅಂದ. ಅವಳು ಮೀನನ್ನು ಊರಿಗೆ ಮುಟ್ಟಿಸಲು ಹೊರಟಿದ್ದಳೇ, ಮೀನಿನ ನೆವದಲ್ಲಿ ತಾನು ಹೊರಟಿದ್ದಳೇ? ಕೇಳುವ ಧೈರ್ಯ ನನಗಿಲ್ಲ. ಆದರೂ ನೀನು ಈಗ ಬರಬೇಡ.


ರಾಯಚೂರು,
9 ಅಕ್ಟೋಬರ್ 1983

ಅಕ್ಕಾ,

ಈ ಸಲ ನಿನಗಿಂತ ಮೊದಲು ನಾನೇ ಬರೆಯುತ್ತಿದ್ದೇನೆ. ನಿನ್ನ ಕಾರ್ಡು ಬರದೆ ತಿಂಗಳಾಯಿತು. ಬರಬೇಡ ಅಂದ ಮೇಲೆ ಏನು ಬರೆಯುವುದು ಅಂತ ಸುಮ್ಮನಾದೆಯೋ ಏನೋ. ಅಂಬಿಗೆ ಜ್ವರ ಬಂದಿತ್ತು ಅಂತ ದೇವದುರ್ಗದ ಸಂತಿಗೆ ಬಂದವರಿಂದ ತಿಳಿಯಿತು. ಈಗ ಹೇಗಿದ್ದಾಳೆ, ಒಂದು ಗೆರೆ ಬರೆ.

ಇಲ್ಲಿಯ ಸುದ್ದಿ ಒಳ್ಳೆಯದೇ. ತೊಟ್ಟಿಯ ಗಾಜಿನ ಮೇಲೆ ತೆಳ್ಳಗೆ ಹಸಿರು ಕೂತಿದೆ. ನಾನು ತಿಕ್ಕಲು ಹೋದರೆ ಹುಲಿಗಿ ಕೈ ಹಿಡಿದಳು. ವಾಹಿದಾ ಮೇಡಂ ಬಂದು, ಮೀನುಗಳ ರೆಕ್ಕೆ ನೋಡಿ, ಕಾಳು ಹಾಕಿಸಿ ತಿನ್ನುವುದನ್ನು ನೋಡಿ, ಕಾಲೇಜಿನಿಂದ ತಂದ ಯಾವುದೋ ಔಷಧಿಯನ್ನು ತೊಟ್ಟಿಯ ನೀರಿಗೆ ಬಿಟ್ಟು ಬಣ್ಣ ನೋಡಿದರು. "ಪಳಗ್ಯದ್ರೀ. ಎರಡೂ ವಿಷ ಇಲ್ಲ. ಇನ್ನ ಮ್ಯಾಲೆ ವಾರಕ್ಕೊಮ್ಮೆ ಒಂದೀಟು ನೀರು ಬದಲಾಯಿಸಿದ್ರ ಸಾಕು" ಅಂದರು. ದಿನಾ ಬಕೆಟ್ ಹೊತ್ತು ಹೊತ್ತು ನನ್ನ ಸೊಂಟ ಹೋಗಿತ್ತು. ಆ ಮಾತಿಗೆ ಸಂತೋಷ ಆಗಬೇಕಿತ್ತು. ಅಲ್ಲೇ ಚಾಪೆಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ, ಚಹಾ ಮಾಡಲೂ ಏಳಲಿಲ್ಲ. ಕೊನೆಗೆ ಮೇಡಂ ತಾವೇ ಒಲೆ ಹಚ್ಚಿದರು.

ಕರಿಯದೂ ಬಂಗಾರದ್ದೂ ಒಟ್ಟಿಗೇ ತಿರುಗುತ್ತವೆ. ಇನ್ನೂ ನಾಲ್ಕು ತರೋಣವೇ ಅಂತ ಇವರು ಕೇಳಿದರು. "ಬ್ಯಾಡ ಕಾಕಾ, ಇವು ಸಾಕು" ಅಂದಳು ಹುಲಿಗಿ.

ಸಾಲಿಯಲ್ಲಿ ಈಗ ಎದ್ದು ನಿಂತು ಪಾಠ ಓದುತ್ತಾಳೆ. ರೊಟ್ಟಿ ಪೂರಾ ತಿನ್ನುತ್ತಾಳೆ. ಚೀಲವನ್ನು ಬಾಗಿಲಿನಿಂದ ಎತ್ತಿ, ಒಳಗೆ ಗೂಟಕ್ಕೆ ಹಾಕಿದ್ದಾಳೆ, ತಾನೇ. ಮತ್ತು ಅಕ್ಕಾ, ಹೇಗೆ ಬರೆಯಲಿ, ನನ್ನನ್ನು ಅವ್ವಾ ಅಂತ ಕರೆಯುತ್ತಾಳೆ. ಮೊದಲ ಸಲ ಕರೆದಾಗ ನಾನು ಜೋಳ ಹಸನು ಮಾಡುತ್ತಿದ್ದೆ. ಯಾರನ್ನು ಕರೆಯುತ್ತಿದ್ದಾಳೆ ಅಂತ ತಿರುಗಿ ನೋಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾನ್ವಿಯಿಂದ ಬಂದ ನಮ್ಮತ್ತಿ ಅದನ್ನು ಕೇಳಿ, "ನಾ ಹೇಳಿದ್ದಿಲ್ಲೇನು? ದೂರ ಇಟ್ರ ಮರೀತಾವ" ಅಂದು, ನನ್ನ ತಲೆಗೆ ಎಣ್ಣೆ ಹಚ್ಚಿ ತಿಕ್ಕಿದರು.

ಹುಡುಗಿಯರಿಗೆ ನನ್ನ ಆಶೀರ್ವಾದ. ಅವರ ಹೊಟ್ಟೆ ತಣ್ಣಗಿರಲಿ, ಓದಿನಲ್ಲಿ ಮುಂದೆ ಬರಲಿ. ಮಾವನಿಗೆ, ನಿನಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಮಂಡಿಯ ನೋವು ಇಳಿಯಲಿ ತಾಯಿ.

ಎಂದೆಂದೂ ನಿನ್ನವಳೇ,
ಬಸ್ಸಿ

ತಾ.ಕ.: ಪತ್ರ ಅಂಟಿಸಿಬಿಡೋಣ ಅಂದುಕೊಂಡೆ. ಆಗುತ್ತಿಲ್ಲ.

ಮೊನ್ನೆ ಸಾಲಿಯಲ್ಲಿ ಪಾಠ ಕಲಿಸಲು ಹೊಸದಾಗಿ ಬಂದ ಬಾಯಾರು, ಅವಳನ್ನು ಬಿಡಲು ಹೋದ ನನ್ನ ಎದುರಿಗೇ ಕೇಳಿದರು, "ನಿಮ್ಮೂರು ಯಾವ್ದವ್ವ?" ಇವಳು "ರಾಯಚೂರ್ರಿ" ಅಂದಳು. "ನಿಮ್ಮವ್ವ?" ಅಂದರೆ ನನ್ನ ಸೆರಗು ಹಿಡಿದು, "ಇಕಿನೇ ರೀ" ಅಂದಳು. "ಅಕ್ಕ ತಂಗಿಯರು?" "ಯಾರೂ ಇಲ್ರಿ."

ಸಂಜೆ ತಲೆ ಬಾಚುತ್ತ ಮೆಲ್ಲಗೆ ಕೇಳಿದೆ, "ಅಂಬಿ ಅದಾಳಲ್ಲವ್ವ, ಯಾಕ ಹೇಳ್ಲಿಲ್ಲ? ಅರಕೇರಾದಾಗ ಅವ್ವ ಅದಾಳಲ್ಲ, ಮರ್ತೀಯೇನು?"

ಅವಳು ತಿರುಗಲಿಲ್ಲ. "ಮರ್ತಿಲ್ಲ" ಅಂದಳು. "ದಿನಾ ನೆನಸ್ತೀನಿ. ಹೊರಗ ಅನ್ನಂಗಿಲ್ಲ."

"ಯಾಕವ್ವಾ?"

"ಅಂದ್ರ ನೀ ಸಣ್ಣ ಮಾರಿ ಮಾಡ್ತಿ. ಬಸ್ಸಿನ್ಯಾಗ ಹೋದ ದಿನ ನೀ ಉಣ್ಣಲೇ ಇಲ್ಲ. ಅದಕ್ಕ ಅವ್ವಾ ಅಂತ ಕರೀತೀನಿ. ಕರದ್ರ ನೀ ಉಣ್ತಿ."

ಏಳು ವರ್ಷದ ಕೂಸು ನನ್ನನ್ನು ಸಂಭಾಳಿಸಿಕೊಂಡು ಹೋಗುತ್ತಿದೆ ಅಕ್ಕಾ. ನಾನು ಅದನ್ನು ಒಗ್ಗಿಕೊಂಡದ್ದು ಅಂದುಕೊಂಡಿದ್ದೆ.

ಅತ್ತಿಯ ಮಾತು ನನ್ನ ಪಾಲಿಗೆ ಮುಗಿಯಿತು. ಈ ಕಾಗದ ಮುಟ್ಟಿದೊಡನೆ ಹೊರಡು. ಅಂಬಿಯನ್ನೂ ಕರೆದುಕೊಂಡು ಬಾ. ಹುಲಿಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮೊದಲು ಅಳಿಸು. ಎಷ್ಟು ಹೊತ್ತಾದರೂ ಆಗಲಿ, ಅಳಲಿ. ಆಮೇಲಿನ ಮಾತು ಆಮೇಲೆ. ನೀನು ಬರುವ ತನಕ ನಾನು ದಿನಾ ಹಗಲು ಡ್ಯೂಟಿಯನ್ನೇ ಹಾಕಿಸಿಕೊಳ್ಳುತ್ತೇನೆ, ಬೀಗದ ಕೈ ನಮ್ಮ ಓಣಿಯ ನಳದ ಎದುರಿನ ಮನೆಯಲ್ಲಿರುತ್ತದೆ. ನಾನು ಎದುರಿಗಿದ್ದರೆ ಅವಳು ಅಳುವುದಿಲ್ಲ.